ಸೂಪರ್‌ಹೀರೊ ಸಿನಿಮಾ ತೆಗೆದ ಜಾಗಗಳನ್ನು ನೋಡಲು ಹೋದರೆ ನಿರಾಸೆ ಆಗುತ್ತದೆಯೇ? ಬ್ರಿಟನ್‌ಗೆ ಹೊರಟಿದ್ದೇವೆ, ಗೊತ್ತಿದ್ದವರು ಹೇಳಿ

ಪ್ರಶ್ನೆ: ಶಾಲಿನಿ_ಪ್ರವಾಸ

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಲ್ಲಿ 12 ದಿನ ಬ್ರಿಟನ್‌ಗೆ ಹೋಗುತ್ತಿದ್ದೇವೆ. ನಾನು, ನಮ್ಮ ಯಜಮಾನರು, 12 ವರ್ಷದ ಮಗಳು, ಜೊತೆಗೆ 71 ವರ್ಷದ ನಮ್ಮತ್ತೆ. ಮಗಳಿಗೆ ಮಾರ್ವೆಲ್, ಬ್ಯಾಟ್‌ಮ್ಯಾನ್ ಅಂದರೆ ಪ್ರಾಣ. ಸಿನಿಮಾ ನೋಡುವುದಷ್ಟೇ ಆಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಚೌಕಗಳನ್ನು ಹಾಕಿಕೊಂಡು ತಾನೇ ಕಾಮಿಕ್ಸ್ ಬರೆಯುತ್ತಾಳೆ, ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ. ಈ ಸಲ ಅವಳು ಕೇಳಿದ್ದು ಒಂದೇ: "ಅಮ್ಮ, ಸಿನಿಮಾ ತೆಗೆದಿರೋ ಜಾಗ ತೋರಿಸು."

ನನಗೆ ಅಳುಕು ಇದೆ, ಕಾರಣವೂ ಇದೆ. ಎರಡು ವರ್ಷದ ಹಿಂದೆ ನ್ಯೂಯಾರ್ಕ್‌ಗೆ ಹೋಗಿದ್ದಾಗ, ಮಾರ್ವೆಲ್‌ನ ಮಾಂತ್ರಿಕ ಹೀರೊ ಡಾಕ್ಟರ್ ಸ್ಟ್ರೇಂಜ್‌ನ ಮನೆ ತೋರಿಸುತ್ತೇನೆ ಅಂತ ಹೇಳಿ ಗ್ರೀನಿಚ್ ವಿಲೇಜಿನ ಬ್ಲೀಕರ್ ಸ್ಟ್ರೀಟ್‌ಗೆ ಕರೆದುಕೊಂಡು ಹೋದೆ. 177ಎ ಅಂತ ವಿಳಾಸ ಬರೆದುಕೊಂಡು ಹೋಗಿದ್ದೆ. ನೋಡಿದರೆ ಕೆಳಗೆ ಅಂಗಡಿ, ಮೇಲೆ ಮನೆಗಳು, ಮಾಮೂಲು ಕಟ್ಟಡ. ಸಿನಿಮಾದಲ್ಲಿ ಕಾಣುವ ಆ ದೊಡ್ಡ ದುಂಡು ಕಿಟಕಿ ಇಲ್ಲವೇ ಇಲ್ಲ. ಅವಳು ಅಳಲಿಲ್ಲ, ಸುಮ್ಮನಾಗಿಬಿಟ್ಟಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ನಮ್ಮ ಯಜಮಾನರು ಹೇಳುವುದೇನೆಂದರೆ, ಅದೆಲ್ಲ ಕಂಪ್ಯೂಟರ್‌ನಲ್ಲಿ ಮಾಡಿದ್ದು, ಅಲ್ಲಿ ಹೋಗಿ ನೋಡೋಕೆ ಏನಿದೆ, ಮ್ಯೂಸಿಯಂಗೆ ಹೋಗೋಣ ಅಂತ. ಅವರ ಮಾತು ಸರಿಯೋ ಏನೋ. ನಿಜವಾಗಿ ಹೋಗಿಬಂದವರು ಹೇಳಿ: ಯಾವ ಜಾಗ ನೋಡುವ ಹಾಗಿದೆ, ಯಾವುದನ್ನು ಬಿಡಬೇಕು? ಅತ್ತೆಗೆ ಮಂಡಿ ನೋವು, ತುಂಬಾ ಮೆಟ್ಟಿಲು ಹತ್ತುವುದು ಕಷ್ಟ.

ಉತ್ತರ 1: ರಘು_ಲಂಡನ್‌ಡೈರಿ

ಮೇಡಂ, ಲಂಡನ್ ಒಂದೇ ಸಾಕು, ಬೇರೆ ಊರು ಸುತ್ತಿ ದಣಿಯಬೇಡಿ. ಗ್ರೀನಿಚ್‌ನ ಓಲ್ಡ್ ರಾಯಲ್ ನೇವಲ್ ಕಾಲೇಜಿನಲ್ಲಿ ಥಾರ್‌ನ 2013ರ ಸಿನಿಮಾದ ಕೊನೆಯ ಯುದ್ಧ ತೆಗೆದಿದ್ದಾರೆ. ಟವರ್ ಬ್ರಿಜ್ ಇದ್ದೇ ಇದೆ, ಸ್ಪೈಡರ್‌ಮ್ಯಾನ್ ಯುರೋಪಿಗೆ ಹೋಗುವ ಕಥೆಯ ಕೊನೆಯ ಹೊಡೆದಾಟ ಅಲ್ಲೇ ನಡೆಯುವುದು. ಅದೇ ಥಾರ್ ಸಿನಿಮಾದಲ್ಲಿ ಅವನು ಟ್ಯೂಬ್ ರೈಲು (ನೆಲದಡಿಯ ಮೆಟ್ರೊ) ಹತ್ತುತ್ತಾನಲ್ಲ, ಅದು ಚೇರಿಂಗ್ ಕ್ರಾಸ್‌ನ ಜುಬಿಲಿ ಲೈನ್ ಪ್ಲಾಟ್‌ಫಾರ್ಮ್. 1999ರಲ್ಲೇ ಮುಚ್ಚಿದ್ದು, ಅದಕ್ಕೇ ಶೂಟಿಂಗ್‌ಗೆ ಸುಲಭವಾಗಿ ಸಿಗುತ್ತದೆ. ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂನವರು ಆಗಾಗ ಅಲ್ಲಿಗೆ ಟೂರ್ ಇಡುತ್ತಾರೆ, ಮುಂಚೆಯೇ ಬುಕ್ ಮಾಡಬೇಕು. ಸಿನಿಮಾ ನಂಬಿಕೊಂಡು ಅಲ್ಲಿಂದ ಮೂರು ಸ್ಟಾಪ್‌ಗೆ ಗ್ರೀನಿಚ್ ತಲುಪುತ್ತೇವೆ ಅಂದುಕೊಳ್ಳಬೇಡಿ. ಗ್ರೀನಿಚ್‌ಗೆ ಡಿಎಲ್‌ಆರ್ ರೈಲಿನಲ್ಲಿ ಕಟ್ಟಿ ಸಾರ್ಕ್ ಸ್ಟೇಷನ್‌ಗೆ ಬನ್ನಿ. ಫೋಟೊ ತೆಗೆದುಕೊಂಡು ಸಂಜೆಗೆ ರೂಮಿಗೆ ವಾಪಸ್.

ಉತ್ತರ 2: ಕ್ಯಾಮೆರಾ_ಮಂಜಣ್ಣ

ಶಾಲಿನಿಯವರೇ, ನಿಮ್ಮ ಮಗಳು ಸುಮ್ಮನಾದದ್ದನ್ನು ಓದಿ ಇದನ್ನು ಬರೆಯಲೇಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ.

ನಾನು 22 ವರ್ಷದಿಂದ ಮದುವೆ ಫೋಟೊ ತೆಗೆಯುವವನು. ತಂಗಿ ನಾಟಿಂಗ್‌ಹ್ಯಾಮ್‌ನಲ್ಲಿದ್ದಾಳೆ. ಅವಳ ಮಗನಿಗೂ ನಿಮ್ಮ ಮಗಳ ಹಾಗೇ ಹುಚ್ಚು. ಮೂರು ಸಲ ಹೋದಾಗಲೂ ಅವನನ್ನು ಜೊತೆಯಲ್ಲಿಟ್ಟುಕೊಂಡು ಈ ಜಾಗಗಳನ್ನೇ ಹುಡುಕಿ ತಿರುಗಿದ್ದೇನೆ.

ಮೊದಲು ಬ್ಲೀಕರ್ ಸ್ಟ್ರೀಟ್ ವಿಷಯ ಮುಗಿಸುತ್ತೇನೆ. ಅದು ಕಾಮಿಕ್ಸ್‌ನ ವಿಳಾಸ. ಮಾರ್ವೆಲ್‌ಗೆ ಕಥೆ ಬರೆಯುತ್ತಿದ್ದ ರಾಯ್ ಥಾಮಸ್ ಮತ್ತು ಗ್ಯಾರಿ ಫ್ರೆಡ್ರಿಕ್ ಒಂದು ಕಾಲದಲ್ಲಿ ಆ ಕಟ್ಟಡದಲ್ಲಿ ವಾಸವಿದ್ದರು, ಆ ನಂಬರನ್ನೇ ಕಥೆಗೆ ಕೊಟ್ಟರು. ಸಿನಿಮಾದಲ್ಲಿ ಕಾಣುವ ಬೀದಿಯನ್ನು ಇಂಗ್ಲೆಂಡಿನ ಸ್ಟುಡಿಯೊ ಆವರಣದಲ್ಲಿ ಸೆಟ್ ಹಾಕಿ ತೆಗೆದರು. ಅಂದರೆ ನೀವು ಮಗಳನ್ನು ಕರೆದುಕೊಂಡು ಹೋದದ್ದು ಕಥೆ ನಡೆಯುವ ಜಾಗಕ್ಕೆ. ಕ್ಯಾಮೆರಾ ಅಲ್ಲಿಗೆ ಬಂದಿರಲಿಲ್ಲ. ಇದನ್ನು ಅವಳಿಗೆ ಈಗಲಾದರೂ ಹೇಳಿ, ಅವಳ ಮನಸ್ಸಿನಲ್ಲಿ ಆ ಬೇಸರ ಇನ್ನೂ ಇದ್ದರೂ ಇರಬಹುದು.

ಇನ್ನು ನಾನು ಕಲಿತದ್ದು. ಹೀರೊ ನಿಂತ ಜಾಗದಲ್ಲಿ ಹೋಗಿ ನಿಲ್ಲಬೇಡಿ. ಕ್ಯಾಮೆರಾ ನಿಂತ ಜಾಗ ಹುಡುಕಿ.

ಎಲ್ಲರೂ ಮಾಡುವುದೇನು? ಥಾರ್ ಎಲ್ಲಿ ನಿಂತಿದ್ದ ಅಂತ ಕೇಳಿ, ಅಲ್ಲಿ ನಿಂತು, ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿ ನಿಂತವರ ಕಣ್ಣಿಗೆ ಬೀಳುವುದು ಥಾರ್‌ಗೆ ಕಂಡದ್ದು, ಅಂದರೆ ಆವತ್ತು ಲೈಟು, ಕ್ರೇನು, ಜನ ತುಂಬಿದ್ದ ದಿಕ್ಕು. ಆ ದಿಕ್ಕು ಸಿನಿಮಾದಲ್ಲಿ ಬಂದೇ ಇಲ್ಲ. ಮಗುವಿಗೆ ಗುರುತು ಹತ್ತುವುದು ಹೇಗೆ? ನಾನೇ ಗ್ರೀನಿಚ್‌ನಲ್ಲಿ ಹೀಗೆ ಮಾಡಿದ್ದೆ. ಹುಡುಗನನ್ನು ಕಾಲೇಜಿನ ಅಂಗಳದ ನಡುವೆ ನಿಲ್ಲಿಸಿ, "ನೋಡೋ, ಥಾರ್‌ನ ಶತ್ರುಗಳ ಹಡಗು ಬಂದು ನುಗ್ಗಿದ್ದು ಇಲ್ಲೇ" ಅಂದೆ. ಅವನು ಸುತ್ತ ನೋಡಿ, "ಇಲ್ಲಿ ಅಂತ ಹೇಗೆ ಗೊತ್ತು ಮಾಮ?" ಅಂದ. ಉತ್ತರ ಇರಲಿಲ್ಲ. ಆಮೇಲೆ ನದಿಯ ಕಡೆ ನಡೆದು, ನೀರಿಗೆ ಬೆನ್ನು ಮಾಡಿ ತಿರುಗಿದೆವು. ಎರಡು ಗುಮ್ಮಟ ಎರಡೂ ಕಡೆಗೆ ಸರಿದು ನಿಂತವು, ನಡುವೆ ದೂರದಲ್ಲಿ ಬಿಳಿಯ ಕ್ವೀನ್ಸ್ ಹೌಸ್. ಹುಡುಗ ಓಡಿಬಂದು ನನ್ನ ತೋಳು ಹಿಡಿದುಕೊಂಡ. ಹಡಗು ಥೇಮ್ಸ್‌ನಿಂದ ಎದ್ದು ಹುಲ್ಲು ಉತ್ತುಕೊಂಡು ಹೋಗುವ ದಾರಿ ಅದು.

ಸಮಯ ಇದ್ದರೆ ಅಲ್ಲೇ ಪಕ್ಕದಲ್ಲಿ ಥೇಮ್ಸ್ ಕೆಳಗಿನ ಕಾಲುದಾರಿ ಸುರಂಗ ಇದೆ, 1902ರಲ್ಲಿ ತೆರೆದದ್ದು. ಲಿಫ್ಟ್ ಇದೆ, ಅತ್ತೆಯವರಿಗೆ ತೊಂದರೆ ಇಲ್ಲ, ಆದರೆ ಲಿಫ್ಟ್ ಕೆಲಸ ಮಾಡುತ್ತಿದೆಯೇ ಅಂತ ಆವತ್ತು ಬೆಳಿಗ್ಗೆ ನೋಡಿಕೊಳ್ಳಿ. ಆಚೆ ದಡದ ಐಲ್ಯಾಂಡ್ ಗಾರ್ಡನ್ಸ್‌ನಿಂದ ಇಡೀ ಕಾಲೇಜು ಒಂದೇ ಫ್ರೇಮಿನಲ್ಲಿ ಸಿಗುತ್ತದೆ. 18ನೇ ಶತಮಾನದಲ್ಲಿ ಕ್ಯಾನಲೆಟೊ ಎಂಬ ಚಿತ್ರಕಾರ ಬಿಡಿಸಿದ್ದೂ ಆ ದಡದ ನೋಟವನ್ನೇ. ಚಿತ್ರ ಬಿಡಿಸುವ ಮಗುವಿಗೆ ಇದನ್ನು ತೋರಿಸದೆ ಬರಬೇಡಿ.

ಕ್ಯಾಮೆರಾ ಜಾಗ ಹುಡುಕುವುದು ಕಷ್ಟವಲ್ಲ. ಮನೆಯಲ್ಲೇ ಸಿನಿಮಾ ನಿಲ್ಲಿಸಿ, ಬೇಕಾದ ಸ್ಟಿಲ್ ಆರಿಸಿ, ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಫೋನಿನಲ್ಲಿ ಬೇಡ, ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ. ಆ ಸ್ಟಿಲ್‌ನಲ್ಲಿ ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಗುರುತು ಮಾಡಿ. ಹತ್ತಿರ ಒಂದು ಕಲ್ಲಿನ ಕಂಬ, ದೂರ ಒಂದು ಹೊಗೆಗೂಡು ಅಂದುಕೊಳ್ಳಿ. ಅಲ್ಲಿ ಹೋಗಿ ನೀವು ಎಡಕ್ಕೆ ಬಲಕ್ಕೆ ನಡೆದರೆ ಕಂಬ ಮತ್ತು ಹೊಗೆಗೂಡಿನ ನಡುವಿನ ಅಂತರ ಹಿಗ್ಗುತ್ತದೆ, ಕುಗ್ಗುತ್ತದೆ. ಸ್ಟಿಲ್‌ನಲ್ಲಿರುವಷ್ಟೇ ಅಂತರ ಬಂದಾಗ ನೀವು ಸರಿಯಾದ ಗೆರೆಯ ಮೇಲೆ ಇದ್ದೀರಿ. ಆಮೇಲೆ ಮುಂದೆ ಹಿಂದೆ ಹೋಗಿ, ಒಂದರ ಮುಂದೆ ಇನ್ನೊಂದು ಎಷ್ಟು ದೊಡ್ಡದು ಅನ್ನುವುದನ್ನು ಹೊಂದಿಸಿ. ಮರಗಳನ್ನು ನಂಬಬೇಡಿ, ಬೆಳೆದಿರುತ್ತವೆ. ಅಂಗಡಿ ಬೋರ್ಡನ್ನೂ ನಂಬಬೇಡಿ, ಶೂಟಿಂಗ್‌ಗೆ ಅಂತ ಹಾಕಿ ತೆಗೆದಿರುತ್ತಾರೆ. ಕಿಟಕಿ, ಕಲ್ಲಿನ ಅಂಚು, ಮಹಡಿಯ ಸಾಲು, ಇವು ಸುಳ್ಳು ಹೇಳುವುದಿಲ್ಲ.

ಒಂದು ಎಚ್ಚರ. ಎಷ್ಟು ಸರಿಯಾಗಿ ನಿಂತರೂ ದೂರದ ಕಟ್ಟಡ ಸಿನಿಮಾದಲ್ಲಿ ಇದ್ದಷ್ಟು ಹತ್ತಿರ, ದೊಡ್ಡದಾಗಿ ಕಾಣದೇ ಇರಬಹುದು. ಅವರು ತುಂಬ ಹಿಂದೆ ನಿಂತು, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಹಾಕಿ ತೆಗೆದಿರುತ್ತಾರೆ, ಹಿಂದಿನದೆಲ್ಲ ಮುಂದಕ್ಕೆ ಬಂದು ಕೂತ ಹಾಗಿರುತ್ತದೆ. ಮದುವೆ ಮಂಟಪದಲ್ಲಿ ನಾವು ಮಾಡುವುದೂ ಇದನ್ನೇ. ಫೋನಿನ ಜೂಮ್ ಹಾಕಿ ಹತ್ತು ಹೆಜ್ಜೆ ಹಿಂದೆ ಹೋಗಿ ಅಂತ ಮಗಳಿಗೆ ಹೇಳಿಕೊಡಿ, ಅವಳಿಗೆ ತಟ್ಟನೆ ತಿಳಿಯುತ್ತದೆ.

ಈಗ ಜಾಗಗಳು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ ನಾಟಿಂಗ್‌ಹ್ಯಾಮ್‌ನ ವೊಲಾಟನ್ ಹಾಲ್. ತಂಗಿಯ ಊರು ಅಂತ ಹೇಳುತ್ತಿಲ್ಲ. 2012ರ ಬ್ಯಾಟ್‌ಮ್ಯಾನ್ ಸಿನಿಮಾದಲ್ಲಿ ವೇಯ್ನ್ ಮ್ಯಾನರ್ (ಬ್ಯಾಟ್‌ಮ್ಯಾನ್‌ನ ಮನೆ) ಅಂತ ಹೊರಗಿನಿಂದ ತೋರಿಸುವುದು ಈ ಬಂಗಲೆಯನ್ನೇ. 1580ರಿಂದ 1588ರವರೆಗೆ ಸರ್ ಫ್ರಾನ್ಸಿಸ್ ವಿಲ್ಲೋಬಿಗಾಗಿ ರಾಬರ್ಟ್ ಸ್ಮಿತ್‌ಸನ್ ಎಂಬುವರ ವಿನ್ಯಾಸದಲ್ಲಿ ಕಟ್ಟಿದ್ದು. ದಿಣ್ಣೆಯ ಮೇಲಿದೆ, ಸುತ್ತ 500 ಎಕರೆ ಹುಲ್ಲುಗಾವಲು, ಅದರಲ್ಲಿ ಜಿಂಕೆಗಳು ತಮ್ಮ ಪಾಡಿಗೆ ಮೇಯುತ್ತಿರುತ್ತವೆ. ಒಳಗೆ ಈಗ ನಿಸರ್ಗ ಇತಿಹಾಸದ ಮ್ಯೂಸಿಯಂ. ನಿಮ್ಮ ಯಜಮಾನರು ಕೇಳುತ್ತಿರುವ ಮ್ಯೂಸಿಯಂ ಅಲ್ಲೇ ಸಿಗುತ್ತದೆ, ಜಗಳ ಬೇಡ.

ಇದಕ್ಕೆ ಮುಂಚಿನ 2005ರ ಸಿನಿಮಾದಲ್ಲಿ ಅದೇ ಮನೆಗೆ ಬೇರೆ ಬಂಗಲೆ ಬಳಸಿದ್ದರು: ಬಕಿಂಗ್‌ಹ್ಯಾಮ್‌ಶೈರ್‌ನ ಮೆಂಟ್‌ಮೋರ್ ಟವರ್ಸ್. ಮೊದಲ ಸಲ ನಾವು ಹೋದದ್ದು ಅಲ್ಲಿಗೆ. ಅದು ಜನರಿಗೆ ತೆರೆದಿಲ್ಲ ಅಂತ ನಾನು ವಿಚಾರಿಸಿರಲಿಲ್ಲ. ಗೇಟಿನ ಮುಂದೆ ಮಳೆಯಲ್ಲಿ ಅರ್ಧ ಗಂಟೆ ನಿಂತು ವಾಪಸ್ ಬಂದೆವು, ದಾರಿಯುದ್ದಕ್ಕೂ ಹುಡುಗ ಮಾತಾಡಲಿಲ್ಲ. ಅದಕ್ಕೇ ನಿಮ್ಮ ಮಗಳ ಮೌನ ನನಗೆ ಅರ್ಥವಾಗುತ್ತದೆ ಅಂದದ್ದು. ಮರುದಿನ ವೊಲಾಟನ್‌ಗೆ ಹೋದಾಗ ದೂರದಿಂದಲೇ ಅವನು, "ಮಾಮ, ನಿನ್ನೆ ಫೋಟೊದಲ್ಲಿ ನೋಡಿದ ಮನೆ ಇದೇ ಅಲ್ವಾ?" ಅಂದ. ನಾಲ್ಕು ಮೂಲೆಗೆ ನಾಲ್ಕು ಗೋಪುರ, ಹಾಗೇ ಇದೆ! ಆಮೇಲೆ ಓದಿದಾಗ ತಿಳಿಯಿತು. ಮೆಂಟ್‌ಮೋರ್ ಅನ್ನು 1850ರ ದಶಕದಲ್ಲಿ ರಾತ್ಸ್‌ಚೈಲ್ಡ್ ಮನೆತನದವರಿಗೆ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟುವಾಗ ಮಾದರಿಯಾಗಿ ಇಟ್ಟುಕೊಂಡದ್ದೇ ವೊಲಾಟನ್ ಹಾಲ್ ಅನ್ನು. ಕಥೆಯಲ್ಲಿ ಮನೆ ಸುಟ್ಟುಹೋಗಿ ಮತ್ತೆ ಕಟ್ಟುತ್ತಾರೆ, ನಿಜದಲ್ಲಿ ನಕಲು ಸುಟ್ಟು ಅಸಲು ಎದ್ದ ಹಾಗಾಯಿತು. ಇದನ್ನು ಆ ಹುಲ್ಲಿನ ಮೇಲೆ ಕೂತು ಮಗಳಿಗೆ ಹೇಳಿ.

ಅಷ್ಟೇ ಅಲ್ಲ. ವೊಲಾಟನ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಗೋಥಮ್ ಎಂಬ ಹಳ್ಳಿ ಇದೆ. ಅಲ್ಲಿಯವರು "ಗೋಟಮ್" ಅನ್ನುತ್ತಾರೆ. ಹಳೆಯ ಕಥೆಯ ಪ್ರಕಾರ ಜಾನ್ ದೊರೆ ಆ ದಾರಿಯಲ್ಲಿ ಬರುವವನಿದ್ದ. ದೊರೆ ನಡೆದ ದಾರಿ ಹೆದ್ದಾರಿಯಾಗುತ್ತದೆ, ಖರ್ಚು ಊರಿನ ತಲೆಗೆ ಬೀಳುತ್ತದೆ. ಅದಕ್ಕೆ ಊರವರೆಲ್ಲ ಸೇರಿ ಹುಚ್ಚರ ಹಾಗೆ ನಟಿಸಿದರು. ಕೋಗಿಲೆ ಹಾರಿಹೋಗದಿರಲಿ ಅಂತ ಪೊದೆಗೆ ಬೇಲಿ ಕಟ್ಟಿದರು, ಹಾವುಮೀನನ್ನು ನೀರಿನಲ್ಲಿ ಮುಳುಗಿಸಿ ಸಾಯಿಸಲು ನೋಡಿದರು. ದೊರೆಯ ಆಳುಗಳು ನೋಡಿ ಬೇರೆ ದಾರಿ ಹಿಡಿದರು. 1807ರಲ್ಲಿ ವಾಷಿಂಗ್ಟನ್ ಇರ್ವಿಂಗ್ ಎಂಬ ಲೇಖಕ ನ್ಯೂಯಾರ್ಕನ್ನು ಅಣಕಿಸಲು ಈ ಹೆಸರಿಟ್ಟ. ಹೆಸರು ಅಲ್ಲೇ ಉಳಿದು, ಮುಂದೆ ಬ್ಯಾಟ್‌ಮ್ಯಾನ್‌ಗೆ ಊರಿನ ಹೆಸರು ಹುಡುಕುತ್ತಿದ್ದ ಕಾಮಿಕ್ಸ್ ಕಥೆಗಾರ ಬಿಲ್ ಫಿಂಗರ್‌ಗೆ ಟೆಲಿಫೋನ್ ಡೈರೆಕ್ಟರಿಯಲ್ಲಿ ಒಂದು ಒಡವೆ ಅಂಗಡಿಯ ಹೆಸರಾಗಿ ಸಿಕ್ಕಿತು. ಬ್ಯಾಟ್‌ಮ್ಯಾನ್‌ನ ಊರಿಗೆ ಹೆಸರು ಕೊಟ್ಟ ಹಳ್ಳಿಯ ಮಗ್ಗುಲಲ್ಲೇ ಬ್ಯಾಟ್‌ಮ್ಯಾನ್‌ನ ಮನೆ. ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಮಾರ್ವೆಲ್‌ಗೆ ಎಡಿನ್‌ಬರದಿಂದ ಶುರು ಮಾಡಿ. 2018ರ ಅವೆಂಜರ್ಸ್ ಸಿನಿಮಾದಲ್ಲಿ ವಾಂಡಾ, ವಿಷನ್ ಎಂಬ ಹೀರೊ ಜೋಡಿ ರಾತ್ರಿ ನಡೆದು ಬರುವ ಬೀದಿ ಕೋಬರ್ನ್ ಸ್ಟ್ರೀಟ್ (ಬರೆಯುವುದು ಬೇರೆ, ಹೇಳುವುದು ಹೀಗೆ). ಇಳಿಜಾರಿನಲ್ಲಿ ಬಳುಕಿ ವೇವರ್ಲಿ ರೈಲು ನಿಲ್ದಾಣದ ಕಡೆಗೆ ಇಳಿಯುತ್ತದೆ. 2017ರಲ್ಲಿ ಅಲ್ಲಿ ಶೂಟಿಂಗ್ ಮಾಡಿದ್ದು ರಾತ್ರಿ ಹೊತ್ತು. ಹಗಲಲ್ಲಿ ನೋಡಿದರೆ ಬರೀ ಬೀದಿ. ಮೇ ತಿಂಗಳಲ್ಲಿ ಅಲ್ಲಿ ಪೂರ್ತಿ ಕತ್ತಲಾಗುವಾಗ ರಾತ್ರಿ 10 ದಾಟಿರುತ್ತದೆ, ಅಷ್ಟು ಹೊತ್ತು ಕಾಯಿರಿ.

ಅಲ್ಲಿಂದ ಲಂಡನ್ ಕಡೆಗೆ ಬರುವ ರೈಲು ಮಾರ್ಗದಲ್ಲೇ ಉಳಿದೆರಡು. ಒಂದು ಸೇಂಟ್ ಆಬ್ಸ್, 2019ರ ಅವೆಂಜರ್ಸ್ ಸಿನಿಮಾದ ನ್ಯೂ ಅಸ್ಗಾರ್ಡ್, ಅಂದರೆ ಥಾರ್‌ನ ಜನ ತಮ್ಮ ಅಸ್ಗಾರ್ಡ್ ಲೋಕ ಕಳೆದುಕೊಂಡು ಬಂದು ನೆಲೆಸಿದ ಊರು. ಕಥೆಯಲ್ಲಿ ನಾರ್ವೆ, ನಿಜದಲ್ಲಿ ಸ್ಕಾಟ್ಲೆಂಡಿನ ಪುಟ್ಟ ಮೀನುಗಾರರ ಹಳ್ಳಿ. ಹಲ್ಕ್ ಮತ್ತು ರಾಕೆಟ್ ಎಂಬ ರಕೂನ್ ಗಾಡಿಯ ಹಿಂದೆ ಕೂತು ಬರುತ್ತಾರಲ್ಲ, ಅದೇ. ಬಂದರಿಗೆ ಇಳಿದುಬಿಡಬೇಡಿ, ಮೊದಲು ಮೇಲೆ ರಸ್ತೆಯ ತುದಿಯಲ್ಲೇ ನಿಂತು ನೋಡಿ. ಸಿನಿಮಾ ಅಂತ ಬಂದವರು ಅರ್ಧ ಗಂಟೆಯಲ್ಲಿ ಹೊರಟುಬಿಡುತ್ತಾರೆ. ನೀವು ನಿಧಾನ ಮಾಡಿ. 2015ರಲ್ಲಿ ಅಲ್ಲಿನ ಲೈಫ್‌ಬೋಟ್ ನಿಲ್ದಾಣ ಮುಚ್ಚಿದಾಗ ಊರವರೇ ಹಣ ಕೂಡಿಸಿ ಮರುವರ್ಷ ಸ್ವಂತ ದೋಣಿ ಇಳಿಸಿದರು, ಕಡಲಲ್ಲಿ ಸಿಕ್ಕಿಕೊಂಡವರನ್ನು ಎತ್ತಲು. ಸೂಪರ್‌ಹೀರೊ ಹುಡುಕಿಕೊಂಡು ಬಂದ ಮಗುವಿಗೆ ಆ ದೋಣಿ ಮನೆಯನ್ನೂ ತೋರಿಸಬೇಕು ಅಂತ ನನ್ನ ಆಸೆ.

ಇನ್ನೊಂದು ಡರಮ್ ಕತೀಡ್ರಲ್. ಅದೇ ಸಿನಿಮಾದಲ್ಲಿ ಥಾರ್ ಹಿಂದಿನ ಕಾಲಕ್ಕೆ ಹೋಗುತ್ತಾನಲ್ಲ, ಆ ಅಸ್ಗಾರ್ಡ್ ಅರಮನೆಯ ಒಳಭಾಗಕ್ಕೆ ಇದನ್ನು ಬಳಸಿದ್ದಾರೆ. 1093ರಲ್ಲಿ ಕಟ್ಟಲು ಶುರುಮಾಡಿದ್ದು. ಕಂಬಗಳ ಮೇಲೆ ಅಂಕುಡೊಂಕು ಗೆರೆ, ಇನ್ನೂ ಬೇರೆ ಬೇರೆ ವಿನ್ಯಾಸ ಕೊರೆದಿದ್ದಾರೆ. ನೆಲ ಸಮತಟ್ಟು, ಕೂರಲು ಬೆಂಚು, ಅತ್ತೆಯವರಿಗೆ ಹಿತ. ಪೂಜೆ ನಡೆಯುವ ಜಾಗ, ಪ್ರಾರ್ಥನೆಯ ಹೊತ್ತು ನೋಡಿಕೊಂಡು ಹೋಗಿ.

ಗ್ಲಾಸ್ಗೊ, ಲಿವರ್‌ಪೂಲ್ ಬಿಡಿ ಅನ್ನುವುದಿಲ್ಲ, ಆದರೆ ನಿಮ್ಮ 12 ದಿನಕ್ಕೆ ಹೆಚ್ಚಾಗುತ್ತದೆ. 2022ರ ಬ್ಯಾಟ್‌ಮ್ಯಾನ್‌ನ ಬಹಳಷ್ಟು ಹೊರಾಂಗಣ ಈ ಎರಡು ಊರಿನದು. ಗ್ಲಾಸ್ಗೊದ ಬೀದಿಗಳು ಅಮೆರಿಕದ ಊರುಗಳ ಹಾಗೆ ನೇರ ಚೌಕಚೌಕ, ಅದಕ್ಕೇ ಅದನ್ನು ಮತ್ತೆ ಮತ್ತೆ ಅಮೆರಿಕ ಮಾಡುತ್ತಾರೆ. 2025ರ ಆಗಸ್ಟ್‌ನಲ್ಲಿ ಸ್ಪೈಡರ್‌ಮ್ಯಾನ್‌ಗೂ ಅಲ್ಲೇ ಶೂಟಿಂಗ್ ಆಯಿತು.

ಶಾಲಿನಿ_ಪ್ರವಾಸ

ಮಂಜಣ್ಣ, ನಿಮ್ಮ ಉತ್ತರವನ್ನು ರಾತ್ರಿ ಊಟದ ನಂತರ ಎಲ್ಲರಿಗೂ ಜೋರಾಗಿ ಓದಿ ಹೇಳಿದೆ. ಬ್ಲೀಕರ್ ಸ್ಟ್ರೀಟ್ ಸಂಗತಿ ಬಂದಾಗ ಮಗಳು, "ಅಂದ್ರೆ ನಾವು ತಪ್ಪು ಜಾಗಕ್ಕೆ ಹೋಗಿರಲಿಲ್ಲ, ಬೇರೆ ಜಾಗಕ್ಕೆ ಹೋಗಿದ್ವಿ" ಅಂದಳು. ಮಾರನೇ ದಿನದಿಂದಲೇ ಸ್ಟಿಲ್ ಆರಿಸಲು ಕೂತಿದ್ದಾಳೆ. ಎರಡು ಅನುಮಾನ. ಸೇಂಟ್ ಆಬ್ಸ್‌ಗೆ ಕಾರಿಲ್ಲದೆ ಹೋಗಬಹುದೇ? ಆ ಜಿಂಕೆಗಳ ಹತ್ತಿರ ಮಗುವನ್ನು ಬಿಡಬಹುದೇ?

ಉತ್ತರ 3: ನವೀನ_ಶಿಕಾಗೊ

ಮಂಜಣ್ಣನವರ ಮಾತು ಒಪ್ಪುತ್ತೇನೆ, ಆದರೆ ಒಂದು ಅಡ್ಡಿ ಹೇಳಲೇಬೇಕು. ಕ್ಯಾಮೆರಾ ನಿಂತ ಜಾಗದಲ್ಲಿ ನಾವು ನಿಲ್ಲಲು ಎಲ್ಲ ಕಡೆ ಆಗುವುದಿಲ್ಲ.

ನಾನು ಶಿಕಾಗೊದಲ್ಲಿದ್ದೇನೆ. 2008ರ ಬ್ಯಾಟ್‌ಮ್ಯಾನ್ ಸಿನಿಮಾದಲ್ಲಿ ಭಾರಿ ಟ್ರಕ್ಕು ಮೂಗು ಕೆಳಗೆ ಮಾಡಿ ಪಲ್ಟಿ ಹೊಡೆಯುತ್ತದಲ್ಲ, ಅದು ಇಲ್ಲಿನ ಲಾಸಾಲ್ ಸ್ಟ್ರೀಟ್. ಕಂಪ್ಯೂಟರ್ ಕೆಲಸ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಿಜವಾದ ಟ್ರಕ್ಕಿನ ಅಡಿಯಿಂದ ಪಿಸ್ಟನ್ ನೆಲಕ್ಕೆ ಒದ್ದು ಅದನ್ನು ಎತ್ತಿ ಮಗುಚಿದರು. ಎರಡೂ ಕಡೆ ಬ್ಯಾಂಕ್ ಕಟ್ಟಡಗಳು, ತುದಿಯಲ್ಲಿ ದಾರಿ ಕಟ್ಟಿದ ಹಾಗೆ 1930ರ ಬೋರ್ಡ್ ಆಫ್ ಟ್ರೇಡ್ ಕಟ್ಟಡ. ಆ ಫ್ರೇಮ್ ಬೇಕೆಂದರೆ ರಸ್ತೆಯ ನಟ್ಟನಡುವೆ ನಿಲ್ಲಬೇಕು. ಹಾಗೆ ನಿಂತು ಫೋಟೊ ತೆಗೆಯಲು ಹೋದ ಒಬ್ಬ ಸ್ನೇಹಿತನನ್ನು ಕಾರು ಸವರಿಕೊಂಡು ಹೋಯಿತು, ಎರಡು ಅಂಗುಲದಲ್ಲಿ ಉಳಿದ. ದಯವಿಟ್ಟು ಮಕ್ಕಳಿಗೆ "ಕ್ಯಾಮೆರಾ ಜಾಗ" ಅಂತ ಹೇಳಿಕೊಡುವಾಗ ಇದನ್ನೂ ಸೇರಿಸಿ ಹೇಳಿ. ಕ್ರಾಸಿಂಗ್‌ನಲ್ಲಿ ಹಸಿರು ದೀಪ ಬಂದಾಗ ದಾಟುತ್ತಾ ಒಂದು ಕ್ಷಣ ಆ ಕಡೆ ನೋಡಿದರೆ ಸಾಕು.

ಇನ್ನೊಂದು, ಜನ ವಾಸ ಮಾಡುವ ಜಾಗ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಜೋಕರ್ ಕುಣಿದು ಇಳಿಯುವ ಮೆಟ್ಟಿಲು ಶೇಕ್ಸ್‌ಪಿಯರ್ ಅವೆನ್ಯೂ, ಆಂಡರ್ಸನ್ ಅವೆನ್ಯೂಗಳ ನಡುವೆ ಇದೆ. 132 ಮೆಟ್ಟಿಲು. ಅಲ್ಲಿಯವರಿಗೆ ಅದು ದಿನಾ ರೈಲಿಗೆ ಹೋಗಿಬರುವ ದಾರಿ. 2019ರಲ್ಲಿ ಸಿನಿಮಾ ಬಂದಮೇಲೆ ಕುಣಿಯುವವರು, ಫೋಟೊ ತೆಗೆಯುವವರು ತುಂಬಿ ಅವರಿಗೆ ಸಾಕುಸಾಕಾಯಿತು. ನಾನು ಹೋದ ದಿನ ಒಬ್ಬ ಅಜ್ಜಿ ಎರಡು ಚೀಲ ಹಿಡಿದುಕೊಂಡು, ಫೋಟೊ ಮುಗಿಯಲಿ ಅಂತ ಕೆಳಗೆ ಕಾಯುತ್ತಿದ್ದರು. ನನಗೆ ಸಂಕಟವಾಯಿತು. ಕ್ಯಾಮೆರಾ ಒಳಗಿಟ್ಟು ಒಂದು ಚೀಲ ಹಿಡಿದು ಅವರ ಜೊತೆ ಹತ್ತಿದೆ. ನನಗೆ ಆ ಮೆಟ್ಟಿಲು ನೆನಪಿರುವುದು ಹಾಗೆ.

ಆದರೆ ಮಂಜಣ್ಣನವರ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ, ಕೇಳಿ. 1966ರ ಟಿವಿ ಬ್ಯಾಟ್‌ಮ್ಯಾನ್‌ನಲ್ಲಿ ಅವನ ಕಾರು ಬ್ಯಾಟ್‌ಮೊಬೈಲ್ ಗುಹೆಯಿಂದ ನುಗ್ಗಿ ಬರುತ್ತದೆ. ಆ ಗುಹೆ ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನ ಬ್ರಾನ್ಸನ್ ಕೇವ್ಸ್. 1903ರಲ್ಲಿ ಶುರುವಾದ ಕಲ್ಲುಗಣಿ ಅದು. ಹೋಗಿ ನೋಡಿದರೆ ಗುಹೆಯೇ ಅಲ್ಲ, ಗುಡ್ಡದ ಈ ಕಡೆಯಿಂದ ಆ ಕಡೆಗೆ ಹೋಗುವ ಗಿಡ್ಡ ಸುರಂಗ. ಎದುರಿಗೆ ನಿಂತರೆ ಆಚೆ ಬೆಳಕು ಕಾಣುತ್ತದೆ! ಸ್ವಲ್ಪ ಓರೆಗೆ ಸರಿದು ನಿಂತರೆ ಆ ಬೆಳಕು ಮುಚ್ಚಿಹೋಗಿ ಒಳಗೆಲ್ಲ ಕತ್ತಲು, ಆಳವಾದ ಗುಹೆ. ಕ್ಯಾಮೆರಾವನ್ನು ಹಾಗೆ ಓರೆಯಾಗಿ ಇಟ್ಟೇ ತೆಗೆದದ್ದು. ನಾನು ನಾಲ್ಕೈದು ಸಲ ಆ ಕಡೆ ಈ ಕಡೆ ಹೆಜ್ಜೆ ಇಟ್ಟು ನೋಡಿದೆ. ಸುರಂಗ, ಗುಹೆ, ಸುರಂಗ, ಗುಹೆ.

ಕ್ಯಾಮೆರಾ_ಮಂಜಣ್ಣ

ನವೀನ್ ಅವರೇ, ರಸ್ತೆಯ ಮಾತು ನಾನೇ ಮೊದಲು ಬರೆಯಬೇಕಿತ್ತು, ಬಿಟ್ಟದ್ದು ತಪ್ಪು. ಚೀಲ ಹಿಡಿದು ಹತ್ತಿದ್ದಕ್ಕೆ ನಿಮಗೆ ನಮಸ್ಕಾರ.

ಶಾಲಿನಿಯವರೇ, ಸೇಂಟ್ ಆಬ್ಸ್‌ಗೆ ಕಾರು ಬೇಕಿಲ್ಲ. ಬೆರಿಕ್ ಸ್ಟೇಷನ್‌ನಲ್ಲಿ ಇಳಿದರೆ ಬಸ್ ಇದೆ, ಆದರೆ ದಿನಕ್ಕೆ ಕೆಲವೇ. ವಾಪಸ್ ಬರುವ ಬಸ್ಸಿನ ಹೊತ್ತು ಮೊದಲು ಬರೆದುಕೊಳ್ಳಿ. 2022ರಲ್ಲಿ ರೆಸ್ಟನ್ ಅಂತ ಹೊಸ ಸ್ಟೇಷನ್ ತೆರೆದಿದ್ದಾರೆ, ಅದು ಇನ್ನೂ ಹತ್ತಿರ, ಅಲ್ಲಿಂದ ಟ್ಯಾಕ್ಸಿ ಮುಂಚೆಯೇ ಹೇಳಿಟ್ಟಿರಬೇಕು. ಗಾಳಿ ವಿಪರೀತ, ಅತ್ತೆಯವರಿಗೆ ಕಿವಿ ಮುಚ್ಚುವ ಟೋಪಿ ಇರಲಿ. ಬಂಡೆಯ ಮೇಲಿನ ದಾರಿಯಲ್ಲಿ ಲೈಟ್‌ಹೌಸ್‌ವರೆಗೆ ನಡೆಯಬಹುದು, ಅದು 1862ರದ್ದು. ನೀವು ಮೂವರು ಹೋಗಿಬನ್ನಿ, ಅವರು ಬಂದರಿನ ಹತ್ತಿರ ಕೂತಿರಲಿ.

ಜಿಂಕೆ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಸಾಕಿದ್ದಲ್ಲ ಅವು. 50 ಮೀಟರ್ ದೂರ ಇರಲಿ, ತಿನ್ನಿಸಲು ಹೋಗಬೇಡಿ. ಮೇ ಕೊನೆಯ ಹೊತ್ತಿಗೆ ಮರಿ ಹಾಕಲು ಶುರುಮಾಡುತ್ತವೆ, ಉದ್ದ ಹುಲ್ಲಿನಲ್ಲಿ ಮರಿ ಮಲಗಿಸಿರುತ್ತವೆ. ಕತ್ತರಿಸಿದ ಹುಲ್ಲಿನ ದಾರಿ ಬಿಟ್ಟು ಇಳಿಯಬೇಡಿ.

ಇನ್ನೊಂದು ನೆನಪಾಯಿತು. ಹೊರಡುವ ಮುಂಚೆ ಜಾಗ ಇನ್ನೂ ಇದೆಯೇ ಅಂತ ನೋಡಿಕೊಳ್ಳಿ. 2005ರ ಸಿನಿಮಾದಲ್ಲಿ ಆರ್ಕಮ್ ಆಸ್ಪತ್ರೆಯ ಹೊರಭಾಗ ಅಂತ ತೋರಿಸಿದ್ದು ಲಂಡನ್‌ನ ಮಿಲ್ ಹಿಲ್‌ನಲ್ಲಿದ್ದ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಕಟ್ಟಡ. ಹಸಿರು ಛಾವಣಿ, ಎತ್ತರದ ಗೋಡೆ, ನೋಡಿದರೇ ಭಯವಾಗುವಂಥದ್ದು. ಅದನ್ನು ಕೆಡವಿ ಮನೆ ಕಟ್ಟಿದ್ದಾರೆ.

ಶಾಲಿನಿ_ಪ್ರವಾಸ (ಪ್ರವಾಸದ ನಂತರ)

ಬಂದು ಒಂದು ವಾರ ಆಯಿತು. ಬರೆಯದೆ ಇದ್ದರೆ ಮಂಜಣ್ಣನವರಿಗೆ ಅನ್ಯಾಯ.

ಗ್ರೀನಿಚ್ ನಾನು ಅಂದುಕೊಂಡಷ್ಟು ಆಗಲಿಲ್ಲ. ಅಂಗಳದಲ್ಲಿ ಯಾವುದೋ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕಿದ್ದರು, ಎಡಗಡೆ ಪೂರ್ತಿ ಮುಚ್ಚಿಹೋಗಿತ್ತು. ಆಚೆ ದಡಕ್ಕೆ ಹೋದಮೇಲೆ ಸರಿಹೋಯಿತು. ಮಗಳು ಅಲ್ಲಿ ಮೊದಲ ಚಿತ್ರ ಬಿಡಿಸಿದಳು.

ವೊಲಾಟನ್‌ನಲ್ಲಿ ನಮ್ಮ ಯಜಮಾನರು ಮ್ಯೂಸಿಯಂಗೆ ಅಂತ ಒಳಗೆ ಹೋದವರು ಹತ್ತು ನಿಮಿಷಕ್ಕೆ ಹೊರಗೆ ಬಂದರು. ಮಗಳ ಕೈಯಿಂದ ಸ್ಟಿಲ್ ತೆಗೆದುಕೊಂಡು, ಮುಂದಿನ ಮೂಲೆಯ ಗೋಪುರ ಮತ್ತು ನಡುವಿನ ಎತ್ತರದ ಭಾಗ ಎರಡನ್ನೂ ಹೊಂದಿಸುತ್ತಾ ದಿಣ್ಣೆ ಇಳಿಯಲು ಶುರುಮಾಡಿದರು. "ಇನ್ನೂ ಎಡಕ್ಕೆ ಅಪ್ಪ, ಇನ್ನೂ ಕೆಳಗೆ" ಅಂತ ಅವಳು ಕೂಗುವುದು, ಇವರು ಹಿಂದಕ್ಕೆ ಹಿಂದಕ್ಕೆ ನಡೆಯುವುದು. ಮುಕ್ಕಾಲು ಗಂಟೆ. ಕೊನೆಗೆ ಇವರು "ಬಾ, ಬಾ, ಬೇಗ ಬಾ" ಅಂತ ಕರೆದ ದನಿ ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಗೋಥಮ್ ಹಳ್ಳಿಗೂ ಹೋದೆವು. ಕೋಗಿಲೆಗೆ ಬೇಲಿ ಕಟ್ಟಿದ ಕಥೆ ಅತ್ತೆಗೆ ತುಂಬಾ ಹಿಡಿಸಿತು, ದಾರಿಯುದ್ದಕ್ಕೂ ನೆನೆಸಿಕೊಂಡು ನಗುತ್ತಿದ್ದರು.

ಡರಮ್‌ನಲ್ಲಿ ಅತ್ತೆ ಒಂದು ಕಂಬದ ಬುಡದಲ್ಲಿ ಬಹಳ ಹೊತ್ತು ಕೂತಿದ್ದರು. ಸಿನಿಮಾ ಅವರು ನೋಡಿಲ್ಲ. ಮಗಳು ಪಕ್ಕ ಕೂತು ಥಾರ್ ತನ್ನ ಸತ್ತುಹೋದ ತಾಯಿಯನ್ನು ಮತ್ತೆ ನೋಡುವ ಕಥೆ ಹೇಳಿದಳು. ಅವರು, "ಏನು ಮಾತಾಡಿದ ಅವನು?" ಅಂತ ಕೇಳಿದರು. ಅವಳು ಪೂರ್ತಿ ಹೇಳಿದಳು.

ಸೇಂಟ್ ಆಬ್ಸ್‌ನಲ್ಲಿ ಮೊದಲರ್ಧ ಮಂಜು, ಏನೂ ಕಾಣದು. ಮೇಲೆ ರಸ್ತೆಯ ತುದಿಯಲ್ಲೇ ಕಾದೆವು. 11ರ ಹೊತ್ತಿಗೆ ಸರಿಯಿತು, ಮೊದಲು ಬಂದರಿನ ಗೋಡೆ, ಆಮೇಲೆ ದೋಣಿಗಳು, ಆಮೇಲೆ ಮನೆಗಳ ಸಾಲು, ಒಂದೊಂದಾಗಿ. ಮಗಳು ಮಾತಾಡಲಿಲ್ಲ, ಆದರೆ ಈ ಸಲ ಕೈ ಓಡುತ್ತಿತ್ತು. ಕೆಳಗಿಳಿದಾಗ ದೋಣಿಯವರೊಬ್ಬರು ಅವಳ ಚಿತ್ರ ನೋಡಿ, ಆ ತುದಿಯ ಮನೆಗೆ ಎರಡು ಹೊಗೆಗೂಡು ಇದೆ, ನೀನು ಒಂದೇ ಬಿಡಿಸಿದ್ದೀಯ ಅಂದರು. ಅಲ್ಲೇ ತಿದ್ದಿದಳು. ಲೈಫ್‌ಬೋಟ್ ಮನೆ ಆ ಹೊತ್ತಿನಲ್ಲಿ ಬಾಗಿಲು ಹಾಕಿತ್ತು, ಹೊರಗಿನಿಂದಲೇ ನೋಡಿದೆವು.

ಪ್ರತಿ ಚಿತ್ರದ ಕೆಳಗೆ ಅವಳು ಒಂದು ಚಿಕ್ಕ ನಕ್ಷೆ ಹಾಕಿ, "ಕ್ಯಾಮೆರಾ ಇಲ್ಲಿ" ಅಂತ ಬಾಣದ ಗುರುತು ಬರೆದಿದ್ದಾಳೆ. ನವೀನ್ ಅವರೇ, ಆ ಸುರಂಗದ ಬಾಯಿಂದ ನೀವು ಎಷ್ಟು ಹೆಜ್ಜೆ ದೂರ ನಿಂತಿದ್ದಿರಿ, ಯಾವ ಕಡೆಗೆ ಸರಿದಿರಿ ಅಂತ ಕೇಳುತ್ತಿದ್ದಾಳೆ. ನೆನಪಿದ್ದರೆ ದಯವಿಟ್ಟು ಬರೆಯಿರಿ.